ದೊಡ್ಡಮ್ಮ ಧಾರೆ ಎರೆದ ಬೇಸಿಗೆ

ಒಂದು ರೂಪಾಯಿ ನಾಣ್ಯ ಹಾಕಿ ಮಾತಾಡುವ ಫೋನು ಕೊಪ್ಪದ ಪ್ರತಿ ಬೇಕರಿಯ ಮುಂದೆ ನೇತಾಡುತ್ತಿದ್ದ ದಿನಗಳು ಅವು. ನಾಣ್ಯ ಮುಗಿದರೆ ಮಾತೂ ಮುಗಿಯಬೇಕು. ಬೇರೆಯವರಿಗೆ ಅಷ್ಟು ಸಾಕಾಗುತ್ತಿತ್ತು, ನನಗೆ ಗಂಟಲು ಸರಿಮಾಡಿಕೊಳ್ಳುವುದಕ್ಕೇ ಎರಡು ನಾಣ್ಯ ಬೇಕಿತ್ತು. ಎಸ್ಸೆಲ್ಸಿ ಪರೀಕ್ಷೆ ಬರೆದು ಕಡಹಿನಬೈಲಿನ ಮನೆಯಲ್ಲಿ ಕೂತಿದ್ದೆ. ಫಲಿತಾಂಶ ಬರುವ ಮೊದಲೇ ಜಿಲ್ಲೆಗೆ ನಾನೇ ಫಸ್ಟ್ ಎಂದು ನಾಲ್ಕು ಊರಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಬಂದದ್ದು ಸೆಕೆಂಡ್ ಕ್ಲಾಸು. ಆ ಮಾತು ಈಗ ಬೇಡ.

ನನ್ನ ಬಾಯಿಯ ಕಾಟ ತಡೆಯಲಾರದೆ ಅಮ್ಮ ಒಂದು ದಿನ ನನ್ನ ಬಟ್ಟೆ ಚೀಲಕ್ಕೆ ತುಂಬಿದಳು.

"ಕೊಪ್ಪಕ್ಕೆ ಹೋಗು ಮಾರಾಯ್ತಿ. ಮೇ ತಿಂಗಳಲ್ಲಿ ಸುಧನ ಮದುವೆ ಉಂಟು. ವನಜಕ್ಕನ ನೋಡ್ಕೊಳ್ಳೂಕೆ ಒಬ್ರು ಬೇಕಂತೆ. ಅವಳ ದನಿ ಈಗ ಯಾರಿಗೂ ಕೇಳೂದಿಲ್ಲ, ನಿನ್ನ ದನಿ ಎನ್.ಆರ್.ಪುರಕ್ಕೂ ಕೇಳ್ತದೆ. ಇಬ್ರೂ ಸೇರಿದ್ರೆ ಸರಿಹೋಗ್ತದೆ."

ವನಜಕ್ಕ ಎಂದರೆ ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಸುಧಕ್ಕ ಅವಳ ಒಬ್ಬಳೇ ಮಗಳು. ದೊಡ್ಡಮ್ಮ ಊರೂರು ಸುತ್ತಿ ನರ್ಸ್ ಕೆಲಸ ಮಾಡಿ ನಿವೃತ್ತಿಯಾದವಳು. ಜನ ಅವಳನ್ನು ಕರೆಯುತ್ತಿದ್ದದ್ದು ವನಜ ಸಿಸ್ಟರ್ ಎಂದು. ತಾಲೂಕಿನ ಅರ್ಧ ಜನರ ಹಿಂಬದಿಗೆ ಅವಳ ಸೂಜಿಯ ಪರಿಚಯವಿತ್ತು. ಉಳಿದರ್ಧ ಜನ ಓಡಿ ತಪ್ಪಿಸಿಕೊಂಡವರು. ಅಂಥವಳಿಗೆ ನಾಲ್ಕು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ.

ಕೊಪ್ಪದ ಒಂದು ಬೇಕರಿಯ ಹಿಂದೆ, ಅದಕ್ಕೆ ಅಂಟಿಕೊಂಡೇ ಇದ್ದ ಬಾಡಿಗೆ ಮನೆ ಅವರದು. ನಾನು ಒಳಗೆ ಕಾಲಿಟ್ಟಾಗ ದೊಡ್ಡಮ್ಮ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿದ್ದ ಬಲಗೈ ನಡುಗುತ್ತಿತ್ತು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿಕೊಂಡು, ಕಾಣದ ಹತ್ತಿಯಿಂದ ದೀಪದ ಬತ್ತಿ ಹೊಸೆಯುತ್ತಿರುವ ಹಾಗೆ. ಮುಖ ಮಾತ್ರ ಬಾಗಿಲು ಹಾಕಿದ ಮನೆ. ನಗು ಇಲ್ಲ, ಸಿಟ್ಟಿಲ್ಲ, ರೆಪ್ಪೆ ಕೂಡ ಲೆಕ್ಕ ಹಾಕಿ ಬಡಿಯುತ್ತಿತ್ತು. ನಾನು ಬಂದದ್ದು ಅವಳಿಗೆ ಇಷ್ಟವಾಗಲಿಲ್ಲ ಎಂದುಕೊಂಡೆ. ಅವಳ ತುಟಿ ಅಲ್ಲಾಡಿತು. ಕೇಳಲಿಲ್ಲ. ಬಗ್ಗಿ ಕಿವಿ ಕೊಟ್ಟೆ.

"ಮೂರು ವಿಷಯ ನೆನಪಿಡು ನಾಗು," ಎಂದಳು ಪಿಸುದನಿಯಲ್ಲಿ. "ನನ್ನ ಕೈ ಹಿಡಿದು ಎಳೀಬಾರ್ದು. ಅವಸರ ಮಾಡ್ಬಾರ್ದು. ನನ್ನ ಮಾತು ಮುಗಿಯೂಕೆ ಮುಂಚೆ ನೀನು ಬಾಯಿ ಹಾಕ್ಬಾರ್ದು."

"ಅಷ್ಟೇ ತಾನೇ ದೊಡ್ಡಮ್ಮ, ನಾನು..."

"ಮೂರನೇದು ತಪ್ಪಿದೆ."

ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ತಮಾಷೆ ಮಾಡಿದಳು ಎಂದು ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು. ಒಂದು ವಾರದಲ್ಲಿ ಅವಳ ಮುಖ ಓದುವುದು ಕಲಿತೆ. ಅವಳು ನಗುವುದು ಮುಖದಲ್ಲಲ್ಲ, ಎಡಗಾಲಿನ ಹೆಬ್ಬೆರಳಿನಲ್ಲಿ. ಅದು ಮೇಲೆದ್ದು ಕೆಳಗಿಳಿದರೆ ದೊಡ್ಡಮ್ಮ ನಕ್ಕಳು ಎಂದರ್ಥ. ಊರಿಗೆ ಹೋದಾಗ ಇದನ್ನೇ ನಾನು ಉದ್ದ ಮಾಡಿ, ಹೆಬ್ಬೆರಳು ಗಂಟೆ ಬಾರಿಸಿದ ಹಾಗೆ ಕುಣಿಯುತ್ತದೆ ಎಂದು ಹೇಳುತ್ತಿದ್ದೆ.

ಕಲಿಸಿದ್ದೆಲ್ಲ ಅವಳೇ. ರೋಗಿಯೂ ಅವಳೇ, ಮೇಷ್ಟ್ರೂ ಅವಳೇ. ದಿನಕ್ಕೆ ಐದು ಸಲ ಮಾತ್ರೆ. ಬೆಳಿಗ್ಗೆ ಆರಕ್ಕೆ, ಒಂಬತ್ತೂವರೆಗೆ, ಒಂದಕ್ಕೆ, ನಾಲ್ಕೂವರೆಗೆ, ಎಂಟಕ್ಕೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ಬರೀ ನೀರಲ್ಲಿ. ಹಾಲು, ಮೊಸರಿನ ಜೊತೆ ಕೊಟ್ಟರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ನುಂಗುವಾಗ ಗದ್ದ ಕೆಳಗೆ ಬಗ್ಗಿಸಬೇಕು, ಮೇಲೆ ಎತ್ತಿದರೆ ನೆತ್ತಿಗೇರುತ್ತದೆ. ಹಾಸಿಗೆಯ ನಡುವೆ ಹಳೆಯ ರೇಷ್ಮೆ ಸೀರೆಯೊಂದನ್ನು ಅಡ್ಡ ಹಾಸಬೇಕು. ಮಗ್ಗುಲಾಗಲು ಕಷ್ಟಪಡುತ್ತಿದ್ದವಳು ಅದರ ಮೇಲೆ ಸುಲಭವಾಗಿ ಜಾರಿ ತಿರುಗುತ್ತಿದ್ದಳು.

"ಇದು ಯಾರ ಸೀರೆ ದೊಡ್ಡಮ್ಮ?"

"ನನ್ನ ಮದುವೇದು. ಅವತ್ತು ಉಟ್ಟಾಗ ಕೂರೂಕೇ ಆಗ್ಲಿಲ್ಲ, ಅಷ್ಟು ಜಾರ್ತಿತ್ತು. ಈಗ ಉಪಯೋಗಕ್ಕೆ ಬಂತು."

ಮಾತ್ರೆಯ ಹೊತ್ತಿಗೆ ನಾನು ಮೂಗು ಹಿಡಿದು ಕೂಗುತ್ತಿದ್ದೆ: "ಪ್ರಯಾಣಿಕರ ಗಮನಕ್ಕೆ! ಒಂಬತ್ತೂವರೆ ಗಂಟೆಯ ಮಾತ್ರೆ ಎಕ್ಸ್‌ಪ್ರೆಸ್ ಒಂದನೇ ಪ್ಲಾಟ್‌ಫಾರಂಗೆ ಬರಲಿದೆ!" ಕೊಪ್ಪಕ್ಕೆ ರೈಲೇ ಇಲ್ಲ. ಗೋಡೆಯಾಚೆಯಿಂದ ಬೇಕರಿ ಅಬ್ಬಾಸಣ್ಣ ಕೂಗುತ್ತಿದ್ದ: "ಲೇಟಾ, ರೈಟ್ ಟೈಮಾ ಮಾರಾಯ್ತಿ?" ಆ ಕಾಯಿಲೆ ದೊಡ್ಡಮ್ಮನ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಗಿತ್ತು. ಗೋಡೆಯ ಆಚೆಯೇ ಬನ್ನು ಬೇಯುತ್ತಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. "ಇವತ್ತು ಎಂತ ಬೇಯ್ತಾ ಉಂಟು?" ಎಂದು ಬೆಳಿಗ್ಗೆ ಕೇಳುವಳು. ನಾನು ಶುರು ಮಾಡುತ್ತಿದ್ದೆ: "ಬೆಣ್ಣೆ ಬಿಸ್ಕತ್ತು ದೊಡ್ಡಮ್ಮ. ಏಲಕ್ಕಿ ಜಾಸ್ತಿ ಬಿದ್ದಿದೆ. ಆ ಪರಿಮಳಕ್ಕೆ ಬಸ್‌ಸ್ಟ್ಯಾಂಡಿನ ನಾಯಿಗಳೆಲ್ಲ ಸಾಲಾಗಿ ಕೂತಿವೆ. ಶೃಂಗೇರಿ ಬಸ್ಸಿನ ಡ್ರೈವರು ಬಸ್ಸನ್ನೇ ಹಿಂದೆ ತಗೊಂಡ." ಹೆಬ್ಬೆರಳು ಮೇಲೇಳುತ್ತಿತ್ತು.

ಮಾತ್ರೆ ಹಿಡಿದಾಗ ಅವಳು ನಡೆಯುತ್ತಿದ್ದಳು, ಮಾತಾಡುತ್ತಿದ್ದಳು, ಹುಳಿಗೆ ಉಪ್ಪು ಸಾಲದು ಎಂದು ಜಗಳವನ್ನೂ ಆಡುತ್ತಿದ್ದಳು. ಮಾತ್ರೆಯ ಬಲ ಇಳಿದಾಗ ಮರದ ಹಾಗೆ ಬಿಗಿದುಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಕಷ್ಟ ಹೊಸಿಲು. ಸಲೀಸಾಗಿ ನಡೆದು ಬಂದವಳು ಅಡುಗೆಮನೆ ಹೊಸಿಲು ಕಂಡ ಕೂಡಲೇ ನಿಂತುಬಿಡುವಳು. ಪಾದ ನೆಲಕ್ಕೆ ಅಂಟಿದಂತೆ. ಮುಂದೆ ಹೋಗುವ ಮನಸ್ಸು ಉಂಟು, ಕಾಲು ಕೇಳುವುದಿಲ್ಲ. ಮೊದಲ ದಿನ ನಾನು ಒಂದನೇ ವಿಷಯ ಮರೆತು ಕೈ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ನನ್ನ ಮೊಣಕೈ ತರಚಿತು. ಕೇಳಿದವರಿಗೆ ಎಂಟು ಹೊಲಿಗೆ ಬಿತ್ತು ಎಂದೆ.

ಉಪಾಯ ಸಿಕ್ಕಿದ್ದು ಒಂದು ಶುಕ್ರವಾರ. ಸುಧಕ್ಕ ಮುಟ್ಟಾಗಿ ಹೊರಗೆ ಕೂತಿದ್ದರಿಂದ ಹೊಸಿಲಿಗೆ ರಂಗೋಲಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಚುಕ್ಕಿ ಗಿಕ್ಕಿ ಬರುವುದಿಲ್ಲ, ಅಡ್ಡಕ್ಕೆ ಎರಡು ಗೆರೆ ಎಳೆದು ಕೈ ಒರೆಸಿಕೊಂಡೆ. ದೊಡ್ಡಮ್ಮ ಬಂದಳು. ಮಾಮೂಲಿನಂತೆ ನಿಲ್ಲುತ್ತಾಳೆ ಎಂದು ಕಾದೆ. ಅವಳು ರಂಗೋಲಿಯನ್ನು ನೋಡಿದಳು, ಕಾಲೆತ್ತಿದಳು, ದಾಟಿದಳು. ಒಳಗೆ ಹೋಗಿ ನಿಂತು ತಿರುಗಿ ನನ್ನನ್ನು ನೋಡಿದಳು.

"ಹೆಂಗಾಯ್ತು ದೊಡ್ಡಮ್ಮ?"

"ಗೊತ್ತಿಲ್ಲ. ರಂಗೋಲಿ ತುಳೀಬಾರ್ದಲ್ಲ."

ಅಷ್ಟೇ. ಮೂರು ವರ್ಷದ ಮಗುವಾಗಿದ್ದಾಗ ಅವಳಜ್ಜಿ ಗದರಿ ಕಲಿಸಿದ್ದನ್ನು ಕಾಲು ಇನ್ನೂ ಕೇಳುತ್ತಿತ್ತು. ಮರುದಿನದಿಂದ ಮನೆ ತುಂಬ ರಂಗೋಲಿ. ಬಚ್ಚಲಿಗೆ, ಹಿತ್ತಿಲ ಬಾಗಿಲಿಗೆ, ಮಂಚದ ಪಕ್ಕಕ್ಕೆ, ಒಂದೊಂದು ಹೆಜ್ಜೆಗೆ ಒಂದೊಂದು ಗೆರೆ. ದೊಡ್ಡಪ್ಪ ಅಂಗಿಯ ತುಂಬ ಬಿಳಿ ಪುಡಿ ಮಾಡಿಕೊಂಡು ಓಡಾಡುತ್ತಿದ್ದರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಮನೆಯಲ್ಲಿ ವರ್ಷಕ್ಕೆ ಎಂಟು ಮಾತು ಆಡುತ್ತಿದ್ದರು. ಅದರಲ್ಲಿ ಒಂದನ್ನು ಆವತ್ತು ಖರ್ಚು ಮಾಡಿದರು: "ಕೂಸಿಗೆ ತಲೆ ಉಂಟು."

ಮದುವೆಗೆ ಹದಿನೈದು ದಿನವಿದ್ದಾಗ ಬೇಗಾರಿನಿಂದ ಸೀತತ್ತೆ ಬಂದಿಳಿದರು. ದೊಡ್ಡಪ್ಪನ ಅಕ್ಕ. ಮನೆತನದ ಮದುವೆ ಮುಂಜಿಗಳೆಲ್ಲ ಅವರ ಬೆರಳ ತುದಿಯಲ್ಲಿ ನಡೆಯುತ್ತಿದ್ದವು. ಕಾಫಿ ಕುಡಿಯುತ್ತ ದೊಡ್ಡಮ್ಮನ ಮಡಿಲಿನ ಕೈಯನ್ನೇ ನೋಡಿದರು. ಲೋಟ ಕೆಳಗಿಟ್ಟರು.

"ವನಜ, ನೀನು ಬೇಜಾರು ಮಾಡ್ಕೋಬೇಡ. ಧಾರೆ ಎರೆಯೂದು ಸಣ್ಣ ಕೆಲಸ ಅಲ್ಲ. ನೀರಿನ ಎಳೆ ಕಡೀಬಾರ್ದು. ಕಡಿದ್ರೆ ಕೂಸಿನ ಬಾಳಿಗೆ ಒಳ್ಳೇದಲ್ಲ. ಧಾರೆ ನಿನ್ನ ಮೈದುನ, ಅವನ ಹೆಂಡ್ತಿ ಎರೀಲಿ. ನೀನು ಎದುರಿಗೆ ಕುರ್ಚಿ ಹಾಕ್ಕೊಂಡು ಆರಾಮಾಗಿ ನೋಡು."

ನಮ್ಮಲ್ಲಿ ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟು ಅಪ್ಪ ಹಿಡಿದಿರುವಾಗ, ಮೇಲಿನಿಂದ ನೀರು ಎರೆಯುವವಳು ಅಮ್ಮ. ಆ ಒಂದು ಕೆಲಸಕ್ಕೆ ಬದಲಿ ಇಡುವುದೆಂದರೆ ಏನು ಎಂದು ನನಗೂ ಗೊತ್ತಿತ್ತು. ದೊಡ್ಡಪ್ಪ ಕ್ಯಾಲೆಂಡರ್ ನೋಡತೊಡಗಿದರು. ಸುಧಕ್ಕ ಸೆರಗಿನ ತುದಿ ಹಿಂಡಿದಳು. ದೊಡ್ಡಮ್ಮನ ತುಟಿ ಅಲುಗಿದ್ದು ನನಗೊಬ್ಬಳಿಗೇ ಕಂಡಿತು. ಕಿವಿ ಕೊಟ್ಟೆ.

"ನಾನೇ ಎರೀತೀನಿ."

"ದೊಡ್ಡಮ್ಮ ತಾನೇ ಎರೀತಾಳಂತೆ!" ಎಂದು ಘೋಷಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸುವ ಅಭ್ಯಾಸ ನನಗಿರಲಿಲ್ಲ. "ದಿನಾ ಗಿಂಡಿಯಲ್ಲಿ ಗಿಡಕ್ಕೆ ನೀರು ಹಾಕ್ತಾಳೆ ಸೀತತ್ತೆ. ಹತ್ತು ನಿಮಿಷ! ಎಳೆ ಅಂದ್ರೆ ಎಳೆ, ದಾರದ ಹಾಗೆ. ಬೇಕಾದ್ರೆ ಅದ್ರಲ್ಲಿ ಹೂವು ಪೋಣಿಸ್ಬಹುದು."

ಅಂಥದ್ದು ಒಂದು ದಿನವೂ ನಡೆದಿರಲಿಲ್ಲ. ಸೀತತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಹೌದಾ? ಹಾಗಾದ್ರೆ ಎರೀಲಿ. ಆದ್ರೆ ಎಳೆ ಕಡಿದ್ರೆ ಅಲ್ಲೇ ಗಿಂಡಿ ಕೈ ಬದಲಾಗ್ತದೆ. ನಾಲ್ಕು ಜನರೆದುರಿಗೆ. ಆಮೇಲೆ ನನ್ನ ಬೈಬೇಡಿ."

ಅವರು ಹೋದ ಮೇಲೆ ದೊಡ್ಡಮ್ಮ ನನ್ನನ್ನು ಕರೆದಳು. "ಹತ್ತು ನಿಮಿಷ ಅಂದ್ಯಲ್ಲ."

"ಸ್ವಲ್ಪ ಜಾಸ್ತಿ ಆಯ್ತು."

"ಗಿಂಡಿ ತಗೊಂಬಾ."

ಹಿತ್ತಿಲಲ್ಲಿ ಅಭ್ಯಾಸ ಶುರುವಾಯಿತು. ಕಂಚಿನ ಗಿಂಡಿ, ಕೊಕ್ಕಿನ ಬಾಯಿಯದ್ದು, ತುಂಬಿದರೆ ಒಳ್ಳೇ ಭಾರ. ನನ್ನ ಕೈ ಹುಡುಗಿಯ ಕೈ, ದಾಸವಾಳದ ಗಿಡದ ಕೊಂಬೆ ಹುಡುಗ. ಆಗ ಕಂಡದ್ದು ಒಂದು ವಿಚಿತ್ರ. ಮಡಿಲಲ್ಲಿ ಸುಮ್ಮನಿದ್ದಾಗ ನಡುಗುತ್ತಿದ್ದ ಕೈ, ಗಿಂಡಿ ಹಿಡಿದ ಕೂಡಲೇ ಹೆಚ್ಚುಕಡಿಮೆ ಸುಮ್ಮನಾಯಿತು! ನಾನು ಬಾಯಿ ತೆರೆದು ನಿಂತೆ.

"ಈ ಕಾಯಿಲೆ ಹಾಗೇ," ಎಂದಳು ಸಿಸ್ಟರ್. "ಕೆಲಸ ಇಲ್ದಿದ್ದಾಗ ನಡುಕ ಜಾಸ್ತಿ. ಸೀತ ಅತ್ತಿಗೆ ನೋಡಿದ್ದು ಅದನ್ನೇ. ನನ್ನ ಕಷ್ಟ ಅದಲ್ಲ. ಎತ್ತಿದ ಕೈ ಬಗ್ಗೂದಿಲ್ಲ, ಬಗ್ಗಿದ್ದು ಅಲ್ಲೇ ನಿಲ್ತದೆ."

ನಿಜ. ನೀರು ಶುರುವಾಗುತ್ತಿತ್ತು, ಅರ್ಧಕ್ಕೆ ಮಣಿಕಟ್ಟು ಬಿಗಿದು ನಿಲ್ಲುತ್ತಿತ್ತು. ಮಾತ್ರೆ ನುಂಗಿ ಮುಕ್ಕಾಲು ಗಂಟೆಯ ನಂತರ ಎರೆದರೆ ಮಾತ್ರ ಎಳೆ ಉಳಿಯುತ್ತಿತ್ತು. ಹನ್ನೆರಡು ದಿನ ನಾನು ಒದ್ದೆ ಲಂಗದಲ್ಲೇ ಓಡಾಡಿದೆ. ದಾಸವಾಳದ ಗಿಡ ಆ ವರ್ಷ ಆಳೆತ್ತರ ಬೆಳೆಯಿತು. ಕೊನೆಯ ಮೂರು ದಿನ ಎಳೆ ಒಂದು ಸಲವೂ ಕಡಿಯಲಿಲ್ಲ. ಧಾರೆ ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ಒಂಬತ್ತೂವರೆಯ ಮಾತ್ರೆಯನ್ನು ಹತ್ತೂವರೆಗೆ ಕೊಟ್ಟರೆ ಸರಿಯಾಗಿ ಹೊಂದುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿದೆವು. ಭಟ್ಟರು ಪಂಚಾಂಗದಲ್ಲಿ ನೋಡಿದ ಮುಹೂರ್ತಕ್ಕೆ ನಾವು ಮಾತ್ರೆಯ ಮುಹೂರ್ತ ಜೋಡಿಸಿದ್ದೆವು.

ಮದುವೆಯ ದಿನ ಬೆಳಿಗ್ಗೆ ಆರರ ಮಾತ್ರೆ ಕೊಟ್ಟು, ಕೊಪ್ಪದ ಕಲ್ಯಾಣ ಮಂಟಪಕ್ಕೆ ಅವಳನ್ನು ಕರೆದುಕೊಂಡು ಹೋಗಿ ಕೋಣೆಯಲ್ಲಿ ಕೂರಿಸಿದೆ. ಆಮೇಲೆ ನನ್ನ ಕಣ್ಣು ಮೈಕಿನ ಮೇಲೆ ಬಿತ್ತು. ಮೈಕಿನವನು ತಿಂಡಿಗೆ ಹೋಗಿದ್ದ. ಅಷ್ಟು ದೊಡ್ಡ ಮೈಕು, ಅದರ ಮುಂದೆ ಯಾರೂ ಇಲ್ಲ. ನೋಡಿಕೊಂಡು ಸುಮ್ಮನಿರುವ ಜೀವ ನನ್ನದಲ್ಲ. "ಬಾಳೆಹೊನ್ನೂರಿನಿಂದ ಆಗಮಿಸಿದ ಗಂಡಿನ ಕಡೆಯವರಿಗೆ ಹಾರ್ದಿಕ ಸ್ವಾಗತ! ನೀಲಿ ಬಣ್ಣದ ಜೀಪಿನ ಮಾಲೀಕರು ದಯವಿಟ್ಟು ಜೀಪು ತೆಗೆಯಿರಿ, ಅಡುಗೆಯವರ ಸೌದೆ ಆಚೆ ನಿಂತಿದೆ!" ಜನ ನಕ್ಕರು. ನಕ್ಕಷ್ಟೂ ನಾನು ಉಬ್ಬಿದೆ. ಗಡಿಯಾರ ನೋಡಿದಾಗ ಹತ್ತು ಐವತ್ತೈದು.

ಓಡಿದೆ. ಕೋಣೆಯಲ್ಲಿ ದೊಡ್ಡಮ್ಮ ಹಸಿರು ರೇಷ್ಮೆ ಸೀರೆಯಲ್ಲಿ ಗೋಡೆಗೊರಗಿಸಿದ ಹಲಗೆಯ ಹಾಗೆ ಕೂತಿದ್ದಳು. ಬೆರಳು ಕೂಡ ಬಗ್ಗುತ್ತಿರಲಿಲ್ಲ. ಮಾತ್ರೆಯ ಡಬ್ಬಿ ಇಲ್ಲ.

"ಡಬ್ಬಿ ಎಲ್ಲಿ ದೊಡ್ಡಮ್ಮ?"

ಉತ್ತರ ಬರಲು ಎಷ್ಟು ಹೊತ್ತಾಯಿತು! ಮೂರನೇ ವಿಷಯ ನೆನಪಿಟ್ಟುಕೊಂಡು ಕಾದೆ.

"ಸೀತ ಅತ್ತಿಗೆ ತಗೊಂಡ್ರು. ಧಾರೆ ಎರೆಯೋರು ಉಪವಾಸ ಇರ್ಬೇಕು, ಬಾಯಿಗೆ ಎಂತದೂ ಹೋಗ್ಬಾರ್ದು ಅಂದ್ರು. ನಾನೇ ಒಪ್ಪಿದೆ."

"ನೀನು ಸಿಸ್ಟರ್ ಆಗಿ ಒಪ್ಪಿದ್ಯಾ?"

"ಗೌರಿಹಬ್ಬದ ದಿನ ಮಾತ್ರೆ ಬಿಟ್ಟು ತಲೆ ತಿರುಗಿ ಬರ್ತಿದ್ರು ಹೆಂಗಸ್ರು. ಎಷ್ಟು ಬೈತಿದ್ದೆ." ಅವಳು ಉಸಿರೆಳೆದುಕೊಂಡಳು. "ಇವತ್ತು ನಾನು ಅಮ್ಮ ಕಣೇ. ನಾಳೆ ಸುಧಂಗೆ ಎಂತಾದ್ರೂ ಆದ್ರೆ, ನಾ ಮಾತ್ರೆ ನುಂಗಿದ್ದಕ್ಕೇ ಅಂತ ನಂಗೇ ಅನ್ನಿಸ್ತದೆ."

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮುಖ ಮಾತ್ರ ಹಾಗೇ ಇತ್ತು. ಒಂದೂ ಗೆರೆ ಕೂಡದೆ ಅಳುವ ಮುಖವನ್ನು ನಾನು ಅದೇ ಮೊದಲು ನೋಡಿದ್ದು. ಹತ್ತೂವರೆಗೆ ನಾನು ಅಲ್ಲಿ ಇದ್ದಿದ್ದರೆ ಆ ಡಬ್ಬಿ ಸೀತತ್ತೆಯ ಕೈಗೆ ಸಿಗುತ್ತಿರಲಿಲ್ಲ. ನಾನು ಜೀಪು ತೆಗೆಸುತ್ತಿದ್ದೆ.

ಮಂಟಪದಲ್ಲಿ ಭಟ್ಟರು ದರ್ಭೆ ಜೋಡಿಸುತ್ತಿದ್ದರು. ಎದುರಿಗೆ ಮಂಡಿಯೂರಿದೆ.

"ಭಟ್ರೇ, ಉಪವಾಸದಲ್ಲಿ ಮಾತ್ರೆ ನುಂಗಿದ್ರೆ ಧಾರೆಗೆ ದೋಷವಾ?"

"ಔಷಧಕ್ಕೆ ಎಂತ ದೋಷ? ನೀರು, ಹಾಲು, ಹಣ್ಣು, ಔಷಧ, ಇದ್ಯಾವುದರಿಂದಲೂ ವ್ರತ ಕೆಡೂದಿಲ್ಲ."

"ಹಾಲು ಬೇಡ. ಹಾಲು ಕುಡಿದ್ರೆ ಮಾತ್ರೆ ಹಿಡಿಯೂದಿಲ್ಲ."

ಭಟ್ಟರು ತಲೆಯೆತ್ತಿದರು. "ಯಾರಿಗೆ?"

ಹೇಳಿದೆ. ಒಂದು ಮಾತನ್ನೂ ಬೆಳೆಸದೆ ಹೇಳಿದೆ, ಬೆಳೆಸಲು ಬಾಯಲ್ಲಿ ಉಗುಳೇ ಇರಲಿಲ್ಲ. ಮಾತ್ರೆ ನುಂಗಿ ಮುಕ್ಕಾಲು ಗಂಟೆ ಬೇಕು ಎಂದೆ. ಅವರು ಪಂಚಾಂಗ ನೋಡಲಿಲ್ಲ, ಬಾಗಿಲ ಕಡೆ ಬಿದ್ದಿದ್ದ ಬಿಸಿಲು ನೋಡಿದರು.

"ಲಗ್ನ ಹನ್ನೆರಡೂ ಮುಕ್ಕಾಲರ ತನಕ ಉಂಟು. ಮಂತ್ರ ಓಡಿಸಿದ್ರೆ ದೋಷ ಹೊರತು, ನಿಧಾನ ಹೇಳಿದ್ರೆ ಇಲ್ಲ. ಹೋಗು." ಮತ್ತೆ, ಕಂಬದ ಹತ್ತಿರ ನಿಂತಿದ್ದ ಸೀತತ್ತೆಯ ಕಡೆ ತಿರುಗಿ, ಗಟ್ಟಿಯಾಗಿ: "ಸೀತಮ್ಮ, ಆ ಡಬ್ಬಿ ಕೂಸಿನ ಕೈಗೆ ಕೊಡಿ. ಅವರು ನುಂಗದೆ ಸಂಕಲ್ಪ ಶುರುವಾಗೂದಿಲ್ಲ."

ಸೀತತ್ತೆ ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಅವರು ಸೊಂಟದಿಂದ ಡಬ್ಬಿ ತೆಗೆದು, ತಾವೇ ಒಂದು ಲೋಟ ನೀರು ಹಿಡಿದು ನನಗಿಂತ ಮುಂಚೆ ಕೋಣೆಗೆ ನಡೆದರು. ದೊಡ್ಡಮ್ಮನ ಬಾಯಿಗೆ ಮಾತ್ರೆ ಇಟ್ಟು, ಮಗುವಿಗೆ ಕುಡಿಸುವ ಹಾಗೆ ಗದ್ದ ಮೇಲೆತ್ತಿದರು.

"ಕೆಳಗೆ! ಗದ್ದ ಕೆಳಗೆ ಸೀತತ್ತೆ, ನೆತ್ತಿಗೇರ್ತದೆ!"

"ಬೊಬ್ಬೆ ಹೊಡೀಬೇಡ ಮಾರಾಯ್ತಿ, ನಂಗೆ ಯಾರು ಹೇಳಿದ್ರು?" ಎಂದು ಅವರು ನಡುಗುವ ದನಿಯಲ್ಲಿ ಗದರಿ, ಗದ್ದ ಬಗ್ಗಿಸಿ ಹಿಡಿದರು. ಗಂಟೆ ಹನ್ನೊಂದು ಐದು.

ಆಮೇಲಿನ ಮುಕ್ಕಾಲು ಗಂಟೆಯನ್ನು ನಾನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ. ಭಟ್ಟರು ಸಂಕಲ್ಪದಲ್ಲಿ ಜಂಬೂದ್ವೀಪದಿಂದ ಕೊಪ್ಪಕ್ಕೆ ಬಂದು ತಲುಪಲು ಹದಿನೈದು ನಿಮಿಷ ತೆಗೆದುಕೊಂಡರು. ಅಂತರಪಟ ಹಿಡಿದ ಇಬ್ಬರ ಕೈ ಸೋತು ಇನ್ನಿಬ್ಬರು ಬಂದರು. ಗಂಡಿನ ಸೋದರಮಾವ ಆಕಳಿಸಿದ್ದು ಮೈಕಿನಲ್ಲಿ ಕೇಳಿತು. ಅಡುಗೆಯವರು ಎರಡು ಸಲ ಬಾಗಿಲಿಗೆ ಬಂದು, ಹೋಳಿಗೆ ಆರಿತು ಎಂದು ಸನ್ನೆ ಮಾಡಿ ಹೋದರು. ಆದರೆ ಅಷ್ಟು ಹೊತ್ತಿಗೆ ವಿಷಯ ಸಭೆಯಲ್ಲಿ ಕಿವಿಯಿಂದ ಕಿವಿಗೆ ಹೋಗಿತ್ತು. ಅವರಲ್ಲಿ ಎಷ್ಟು ಜನ ವನಜ ಸಿಸ್ಟರ್ ಕೈಯಲ್ಲಿ ಹುಟ್ಟಿದವರೋ, ಹೆತ್ತವರೋ! ಯಾರೂ ಊಟದ ಮನೆಯ ಕಡೆ ಹೆಜ್ಜೆ ಹಾಕಲಿಲ್ಲ.

ಕೋಣೆಯಿಂದ ಮಂಟಪಕ್ಕೆ ಕೆಂಪು ಕಾರ್ಪೆಟ್ ಹಾಸಿದ್ದರು. ನಾನು ರಂಗೋಲಿ ಡಬ್ಬಿ ತಂದು ಅದರ ಮೇಲೇ ಗೆರೆ ಎಳೆಯತೊಡಗಿದೆ. ಡೆಕೋರೇಶನ್‌ನವನು ತಲೆ ಮೇಲೆ ಕೈ ಹೊತ್ತು ಓಡಿ ಬಂದ.

"ಏಯ್ ಎಂತ ಮಾಡ್ತಿದ್ದೀಯೇ? ನಾಳೆ ಇನ್ನೊಂದು ಮದುವೆ ಉಂಟು ಇದಕ್ಕೆ!"

"ತೊಳೆದುಕೊಡ್ತೀನಿ, ಆಚೆ ಹೋಗಿ," ಎಂದರು ದೊಡ್ಡಪ್ಪ. ಆ ವರ್ಷದ ಎರಡನೇ ಮಾತು.

ಹನ್ನೊಂದು ಐವತ್ತಕ್ಕೆ ದೊಡ್ಡಮ್ಮನ ಎಡಗಾಲಿನ ಹೆಬ್ಬೆರಳು ಅಲುಗಿತು. ಎದ್ದಳು. ಮೊದಲ ಗೆರೆಯ ಎದುರು ನಿಂತಳು. ನಾನು ಅವಳ ಪಕ್ಕದಲ್ಲಿದ್ದೆ, ಮುಟ್ಟಲಿಲ್ಲ. ಕಾಲೆತ್ತಿದಳು. ಒಂದು ಗೆರೆ, ಎರಡು, ಐದು. ಮಂಟಪದ ಮೂರು ಮೆಟ್ಟಿಲು. ಹತ್ತಿದಳು.

ಗಿಂಡಿಗೆ ನೀರು ತುಂಬಿಸಿಕೊಟ್ಟರು. ಬೆರಳುಗಳು ಅದನ್ನು ಸುತ್ತಿ ಹಿಡಿಯಲು ತುಂಬ ಹೊತ್ತು ತೆಗೆದುಕೊಂಡವು. ಹಿಡಿದ ಮೇಲೆ ನಡುಕ ಅಡಗಿತು. ಮಂತ್ರದ ಜೊತೆ ನೀರು ಇಳಿಯಿತು, ದೊಡ್ಡಪ್ಪನ ಕೈ ಮೇಲೆ, ಸುಧಕ್ಕನ ಕೈ ಮೇಲೆ, ಹುಡುಗನ ಕೈ ಮೇಲೆ. ವಾಲಗ ಜೋರಾಯಿತು. ಅಕ್ಷತೆ ಬಿತ್ತು.

ಇದನ್ನು ನಾನು ಹೇಳಿದ ಕಡೆಯಲ್ಲೆಲ್ಲ ಎಳೆ ಕಡಿಯಲೇ ಇಲ್ಲ ಎಂದು ಹೇಳಿದೆ. ಕಡಹಿನಬೈಲಿನಲ್ಲಿ ಐದು ನಿಮಿಷ ಹರಿಯಿತು ಎಂದೆ. ಕಾಲೇಜಿನಲ್ಲಿ ಹತ್ತಾಯಿತು. ಆಮೇಲಾಮೇಲೆ ಸಭೆ ಸಮಾರಂಭಗಳಲ್ಲಿ ನಿರೂಪಣೆ ಮಾಡುವುದೇ ನನ್ನ ಹೊಟ್ಟೆಪಾಡಾಯಿತು. ಮೈಕು ಅಧಿಕೃತವಾಗಿ ಕೈಗೆ ಬಂದ ಮೇಲೆ ಆ ಧಾರೆ ಶೃಂಗೇರಿಯ ತುಂಗೆಯ ಹಾಗೆ ಹರಿಯತೊಡಗಿತು. ಈಗಿನ ಮದುವೆಗಳಲ್ಲಿ ಧಾರೆಗೆ ಎಂಟು ನಿಮಿಷ ಕೊಟ್ಟಿರುತ್ತಾರೆ. ಫೋಟೋದವರು "ಇನ್ನೊಂದ್ಸಲ ಎರೀರಿ ಮೇಡಂ" ಎನ್ನುತ್ತಾರೆ, ಜನ ಆಗಲೇ ಊಟದ ಮನೆಯಲ್ಲಿ ಕುರ್ಚಿ ಹಿಡಿದಿರುತ್ತಾರೆ. ಒಬ್ಬ ಹೆಂಗಸಿನ ಕೈಗೆ ಬಲ ಬರಲಿ ಎಂದು ಮುಕ್ಕಾಲು ಗಂಟೆ ಹಸಿದು ಕೂರುವ ಸಭೆಯನ್ನು ನಾನು ಮತ್ತೆ ನೋಡಿಲ್ಲ.

ಕಾಯಿಲೆ ಮುಂದುವರಿಯಿತು. ದೊಡ್ಡಪ್ಪ ಹೋದ ಮೇಲೆ ಸುಧಕ್ಕ ದೊಡ್ಡಮ್ಮನನ್ನು ಬಾಳೆಹೊನ್ನೂರಿಗೆ ಕರೆದುಕೊಂಡು ಹೋದಳು. ನಾನು ಹೋದದ್ದು ಕಡಿಮೆ. ಹೋದಾಗಲೆಲ್ಲ ಅವಳು ಇನ್ನಷ್ಟು ಸಣ್ಣಗಾಗಿರುತ್ತಿದ್ದಳು, ಮರೆವೂ ಸೇರಿಕೊಂಡಿತ್ತು. ಒಂದು ವಿಷಯ ಮಾತ್ರ ಅವಳನ್ನು ಕೊರೆಯುತ್ತಿತ್ತು.

"ಸುಧನ ಧಾರೆ ಯಾರು ಎರೆದ್ರು?"

"ನೀನೇ ಅಮ್ಮ," ಎಂದು ಸುಧಕ್ಕ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ದೊಡ್ಡಮ್ಮ ನಂಬುತ್ತಿರಲಿಲ್ಲ. ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಎರೆದದ್ದು ದೊಡ್ಡಪ್ಪನ ತಮ್ಮನ ಹೆಂಡತಿ, ತನಗೆ ಬೇಜಾರಾಗಬಾರದೆಂದು ಎಲ್ಲರೂ ಸೇರಿ ಸುಳ್ಳು ಹೇಳುತ್ತಿದ್ದಾರೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ನನ್ನನ್ನು ಕೇಳಿದಾಗ ನಾನು ಮೈಕಿನ ದನಿಯಲ್ಲೇ ಶುರು ಮಾಡಿದೆ: "ನೀನೇ ದೊಡ್ಡಮ್ಮ! ಎಂಥ ಧಾರೆ ಅದು! ಎಳೆ ಕಡೀಲೇ ಇಲ್ಲ, ತುಂಗೆ ಹರಿದ ಹಾಗೆ..."

"ಸುಳ್ಳಿ," ಎಂದಳು.

ಹೆಬ್ಬೆರಳು ಅಲುಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ. ಮುಖ ಗೋಡೆಯ ಕಡೆ ತಿರುಗಿಸಲು ಪ್ರಯತ್ನಪಟ್ಟಳು, ಆಗಲಿಲ್ಲ. ಬಟ್ಟೆ ಬದಲಿಸುವಾಗ, ಗಂಜಿ ಕುಡಿಸುವಾಗ ಆ ಸಂಜೆಯೆಲ್ಲ ಸುಮ್ಮನಿದ್ದೆ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಕಂಡು ಸುಧಕ್ಕ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡಿದಳು.

ಹೊರಡುವ ದಿನ ಬೆಳಿಗ್ಗೆ ದೊಡ್ಡಮ್ಮ ಮತ್ತೆ ಕೇಳಿದಳು. ನಾನು ಅವಳ ಮಂಚದ ಪಕ್ಕ ಕೂತು, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದೆ.

"ಕಡೀತು ದೊಡ್ಡಮ್ಮ."

ಅವಳ ಕಣ್ಣು ನನ್ನ ಮೇಲೆ ನಿಂತಿತು.

"ಅರ್ಧ ಆದ ಮೇಲೆ. ನೀನು ತಲೆಯೆತ್ತಿ ಸುಧಕ್ಕನ ಮುಖ ನೋಡಿದೆ. ಕೈ ಅಲ್ಲೇ ನಿಂತುಹೋಯ್ತು. ನೀರೂ ನಿಂತಿತು. ಜನರಿಗೂ ಕಂಡಿತು. ಸೀತತ್ತೆ ಮುಂದೆ ಬಂದ್ರು, ಗಿಂಡಿ ಕಿತ್ಕೊಳ್ತಾರೆ ಅಂತ ನಾನು ಕಣ್ಣು ಮುಚ್ಕೊಂಡೆ. ಅವರು ಮುಟ್ಲಿಲ್ಲ. ಸಭೆಗೆ ಕಾಣದ ಹಾಗೆ ಸೆರಗು ಅಗಲ ಮಾಡಿ ನಿಂತ್ಕೊಂಡು, 'ಎರಿ ವನಜ, ಇನ್ನೂ ನೀರುಂಟು' ಅಂದ್ರು. ಭಟ್ರು ಅದೇ ಮಂತ್ರ ಮತ್ತೊಂದ್ಸಲ ಹೇಳಿದ್ರು. ನೀನು ಮತ್ತೆ ಎರೆದೆ. ಗಿಂಡಿ ಖಾಲಿ ಆಗೋ ತನಕ."

ಕಾದೆ. ಆಮೇಲೆ ದೊಡ್ಡಮ್ಮನ ತುಟಿ ಅಲುಗಿತು, ಬಗ್ಗಿ ಕಿವಿ ಕೊಟ್ಟೆ.

"ಹಾಗಾದ್ರೆ ನಾನೇ," ಎಂದಳು.

ಅದಾದ ಮೇಲೆ ಅವಳು ಯಾರನ್ನೂ ಅದನ್ನು ಕೇಳಲಿಲ್ಲವಂತೆ. ಆ ಮಳೆಗಾಲ ದಾಟಲಿಲ್ಲ. ನಾನೀಗಲೂ ಸಾವಿರ ಜನರ ಎದುರು ಮೈಕು ಹಿಡಿದು ಮಾತಾಡುತ್ತೇನೆ, ಎಲ್ಲರ ದನಿಯೂ ನನಗೆ ನಿಂತಲ್ಲಿಗೇ ಕೇಳುತ್ತದೆ. ಕೇಳಲೆಂದು ಬಗ್ಗಬೇಕಾದವರು ಯಾರೂ ಉಳಿದಿಲ್ಲ.